ಬೀಗರಿಗೊಂದು ಡಾಲ್ಫಿನ್

ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನಮ್ಮಮ್ಮ ಕಲಿಸಿದ್ದಳು. ಈ ಕಥೆ ಮುಗಿಯುವವರೆಗೆ ಮಾತ್ರ ಹೇಳುತ್ತೇನೆ, ಅವರು ನನಗೆ ಕೊಟ್ಟ ಕಾಟಕ್ಕೆ ಅಷ್ಟಾದರೂ ಆಗಲಿ. ನನ್ನ ಗಂಡ ಸೇತುರಾಮ ನಂಬಿದ್ದ ಧರ್ಮ ಒಂದೇ. ಬೀಗರು ನಮಗೆ ಮಾಡಿದ ಉಪಚಾರಕ್ಕಿಂತ ಕೂದಲೆಳೆಯಷ್ಟೂ ಕಮ್ಮಿಯಾಗದಂತೆ ನಾವು ಅವರಿಗೆ ಮಾಡಬೇಕು. ಅವರು ಹೋಳಿಗೆಗೆ ತುಪ್ಪ ಸುರಿದರೆ ನಾವೂ ಸುರಿಯಬೇಕು, ಅವರು ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟರೆ ನಾವೂ ಹೋಗಬೇಕು. ಇದೇನೂ ಹೊಸದಲ್ಲ, ಎಲ್ಲರ ಮನೆಯಲ್ಲೂ ನಡೆಯುವುದೇ. ಆದರೆ ಬೀಗರು ಸಮುದ್ರ ತೋರಿಸಿದರೆಂದು ಬೆಂಗಳೂರಿನಲ್ಲಿ ಕೂತು ಅವರಿಗೆ ಸಮುದ್ರ ತೋರಿಸಲು ಹೊರಟ ಗಂಡಸನ್ನು ನಾನು ಇವರೊಬ್ಬರನ್ನೇ ಕಂಡಿರುವುದು.

ಆಗಿದ್ದಿಷ್ಟು. ಎಂಬತ್ತಮೂರನೇ ಇಸವಿಯಲ್ಲಿ ನಮ್ಮ ಸೀತಾಗೆ ಉಪೇಂದ್ರ ಎಂಬ ಹುಡುಗನ ಜಾತಕ ಕೂಡಿಬಂತು. ಹುಡುಗನ ತಂದೆ ಬದರೀನಾಥ ಬ್ಯಾಂಕ್ ಮ್ಯಾನೇಜರು. ಮೂಲ ತುಮಕೂರಿನವರಾದರೂ ಕಾರವಾರಕ್ಕೆ ವರ್ಗವಾದ ಮೇಲೆ ಅರಬ್ಬೀ ಸಮುದ್ರವೇ ಅವರ ಪಿತ್ರಾರ್ಜಿತ ಆಸ್ತಿ ಎಂಬಂತೆ ಮಾತಾಡುತ್ತಿದ್ದರು. ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ನಾವು ಸೀತಾಳನ್ನೂ ಕರೆದುಕೊಂಡು ಕಾರವಾರಕ್ಕೆ ಹೋದಾಗ ಸಂಜೆ ನಮ್ಮನ್ನೆಲ್ಲ, ಉಪೇಂದ್ರನನ್ನೂ ಸೇರಿಸಿ, ಒಂದು ದೋಣಿಗೆ ಹತ್ತಿಸಿದರು. ಸೂರ್ಯ ನೀರಿಗಿಳಿಯುವುದನ್ನು ತೋರಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಎದ್ದು ನಿಂತು ಬೆರಳು ಚಾಚಿ, ಅಲ್ಲಿ ನೋಡಿ ಡಾಲ್ಫಿನ್ ಎಂದರು. ಅವರ ಬೆರಳು ಹೋದ ಕಡೆ ಹೊಳೆಯುವ ನೀರು ಬಿಟ್ಟರೆ ನನಗೆ ಬೇರೇನೂ ಕಾಣಲಿಲ್ಲ. ಬೀಗರು ಅಷ್ಟು ಪ್ರೀತಿಯಿಂದ ತೋರಿಸುವಾಗ ಕಾಣಲಿಲ್ಲ ಎನ್ನುವುದಕ್ಕಾಗುತ್ತದೆಯೇ? ಎಷ್ಟು ಚೆನ್ನಾಗಿದೆ ಎಂದೆ. ಸೇತುರಾಮ ಒಂದಲ್ಲ, ಜೋಡಿ ಇದೆ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅವರ ಮುಖ ಸಪ್ಪಗಾಯಿತು. ಹುಡುಗ ಒಪ್ಪಿದ್ದಾನೆ, ಮನೆ ಚೆನ್ನಾಗಿದೆ, ಇನ್ನೇನು ಚಿಂತೆ ಎಂದು ಕೇಳಿದರೆ, ಲಗ್ನಪತ್ರಿಕೆ ಬರೆಸಲು ಅವರು ನಮ್ಮ ಮನೆಗೆ ಬರುತ್ತಾರಲ್ಲ, ಊಟ ತಿಂಡಿ ಹೇಗೋ ಸರಿದೂಗಿಸಬಹುದು, ಡಾಲ್ಫಿನ್ನಿಗೆ ಏನು ಮಾಡುವುದು ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಅವರ ಈ ಹುಚ್ಚಿಗೆ ಕಾರಣ ಇರಲಿಲ್ಲವೆಂದಲ್ಲ. ಕಾರಣ ನಮ್ಮ ಮನೆಯಲ್ಲೇ ಕೂತು ಅಕ್ಕಿ ಆರಿಸುತ್ತಿತ್ತು. ಗೋದಕ್ಕ ಸೇತುರಾಮರ ಅಕ್ಕ. ಆಕೆಯನ್ನು ನೋಡಲು ಗಂಡಿನವರು ಬಂದಿದ್ದ ದಿನ ನಮ್ಮ ಮಾವನವರು ಪಕ್ಕದ ಮನೆಯಿಂದ ಬೆಳ್ಳಿ ತಟ್ಟೆಗಳನ್ನು ಎರವಲು ತರಿಸಿ ಅದರಲ್ಲಿ ಉಪ್ಪಿಟ್ಟು ಕೊಟ್ಟಿದ್ದರಂತೆ. ತಟ್ಟೆಗಳನ್ನು ಚೀಲದಲ್ಲಿ ಹೊತ್ತು ತಂದದ್ದು ಈ ಸೇತುರಾಮನೇ. ಎಲ್ಲರೂ ಅರ್ಧ ತಿಂದಿರುವಾಗ ಪಕ್ಕದ ಮನೆಗೂ ಯಾರೋ ನೆಂಟರು ಬಂದುಬಿಟ್ಟರು. ಆ ಮನೆಯಾಕೆ ಹಿತ್ತಲ ಬಾಗಿಲಲ್ಲಿ ನಿಂತು ನಮ್ಮ ತಟ್ಟೆ ಕೊಡ್ರೀ ಎಂದು ಕೇಳಿದ್ದು ನಡುಮನೆಗೂ ಕೇಳಿಸಿತು. ಗಂಡಿನವರು ಕೈ ತೊಳೆದು ಎದ್ದರು. ಆಮೇಲೆ ನೋಡಲು ಬರಬೇಕಾದವರ ಕಿವಿಗೂ ಸುದ್ದಿ ಬಿತ್ತು. ಗೋದಕ್ಕನಿಗೆ ಮದುವೆ ಆಗಲೇ ಇಲ್ಲ. ಆಕೆ ಒಂದು ದಿನವೂ ಆ ಮಾತು ಎತ್ತಿದವಳಲ್ಲ. ಸೇತುರಾಮ ಮಾತ್ರ ಅದರಿಂದ ಕಲಿತುಕೊಂಡ ಪಾಠವೆಂದರೆ, ಬೀಗರ ಮುಂದೆ ಯಾವುದೂ ಕಮ್ಮಿ ಬೀಳಬಾರದು ಎಂಬುದು. ಕಮ್ಮಿ ಬಿದ್ದರೆ ಸೀತಾ ಇನ್ನೊಬ್ಬ ಗೋದಕ್ಕ ಆಗುತ್ತಾಳೆ ಎಂದು ಅವರ ಹೊಟ್ಟೆಯಲ್ಲಿ ಭಯ ಕೂತಿತ್ತು.

ಆರ್.ಟಿ. ನಗರದ ನಮ್ಮ ಮನೆಗೆ ಹಾಲು ಹಾಕುತ್ತಿದ್ದವನು ಹೆಬ್ಬಾಳದ ಮುನಿಕೃಷ್ಣಪ್ಪ. ಅವನ ಎಮ್ಮೆಗಳು ಹಗಲೆಲ್ಲ ಹೆಬ್ಬಾಳದ ಕೆರೆಯಲ್ಲೇ ಬಿದ್ದಿರುತ್ತಿದ್ದವು. ಅವನ ಮೂಲಕ ಕೆರೆಯಲ್ಲಿ ಮೀನು ಹಿಡಿಯುವ ಗಯಾಸ್‌ನ ಪರಿಚಯವಾಯಿತು. ಗಯಾಸ್ ತನ್ನ ದೋಣಿ ತೂತು ಎಂದ. ಹಾಗಾದರೆ ಹೊಸದೇ ಆಗಲಿ ಎಂದು ಸೇತುರಾಮ ಖಾಲಿ ಡ್ರಮ್ಮುಗಳ ಮೇಲೆ ಚಪ್ಪರದ ಹಲಗೆ ಬಿಗಿಸಿ ಒಂದು ತೆಪ್ಪ ಕಟ್ಟಿಸಿದರು. ಅದರ ಮೇಲೆ ಜಮಖಾನ ಹಾಸಿ, ಶಾಮಿಯಾನದ ಅಂಗಡಿಯಿಂದ ಮದುವೆ ಮನೆಯ ಕುರ್ಚಿಗಳನ್ನು ತಂದು ಸಾಲಾಗಿ ಇಟ್ಟರು. ಬೀಗರನ್ನು ಹಲಗೆ ಮೇಲೆ ಕೂರಿಸುವುದಕ್ಕಾಗುತ್ತದೆಯೇ ಎಂದು ನನಗೇ ಬೈದರು.

ಸೂರ್ಯನದೂ ಒಂದು ತಕರಾರಿತ್ತು. ಕಾರವಾರದಲ್ಲಿ ಅವನು ನೀರಿನಲ್ಲಿ ಮುಳುಗಿದ್ದ. ಹೆಬ್ಬಾಳದಲ್ಲಿ ತೆಂಗಿನ ತೋಟದ ಹಿಂದೆ, ಜಾಲಹಳ್ಳಿ ಕಡೆ ಹೋಗಿ ಮುಳುಗುತ್ತಿದ್ದ. ಸೇತುರಾಮ ಆಫೀಸಿನಿಂದ ನೇರ ಕೆರೆಗೆ ಹೋಗಿ ಏರಿಯ ಮೇಲೆ ನಿಂತು, ಕೂತು, ಕೊನೆಗೆ ಹೊಟ್ಟೆಯ ಮೇಲೆ ಮಲಗಿ ನೋಡಿಬಂದರು. ತೀರ ತಗ್ಗಿ ನೋಡಿದರೆ ನೀರಿಗೇ ಇಳಿದಂತೆ ಕಾಣುತ್ತಾನೆ ಎಂದು ಸಮಾಧಾನ ಮಾಡಿಕೊಂಡು, ಕುರ್ಚಿಗಳ ಕಾಲು ಅರ್ಧ ಕೊಯ್ಯಿಸಬಹುದೇ ಎಂದು ಶಾಮಿಯಾನದವನನ್ನು ಕೇಳಿದರು. ಅವನು ಅಂದದ್ದನ್ನು ಇಲ್ಲಿ ಬರೆಯುವುದು ಬೇಡ.

ಹಾಗೆ ಮಲಗಿ ನೋಡಿದ ದಿನವೇ ಅವರಿಗೆ ಡಾಲ್ಫಿನ್ ಕೂಡ ಸಿಕ್ಕಿತು. ಸಂಜೆಯ ಬಿಸಿಲಿನಲ್ಲಿ ಎಮ್ಮೆಗಳ ಒದ್ದೆ ಬೆನ್ನು ಕರ್ರಗೆ, ನುಣ್ಣಗೆ ಹೊಳೆಯುತ್ತಿತ್ತಂತೆ. ಮಾರನೆಯ ಬೆಳಿಗ್ಗೆ ಹಾಲು ತಂದ ಮುನಿಕೃಷ್ಣಪ್ಪನನ್ನು ಒಳಗೆ ಕರೆದು ಕಾಫಿ ಕೊಟ್ಟು ವಿಷಯ ಹೇಳಿದರು. ಎಮ್ಮೆಗಳು ದೂರದಲ್ಲಿರಬೇಕು, ಕೊಂಬು ಕಾಣಬಾರದು, ಆಗಾಗ ಮುಳುಗಿ ಏಳಬೇಕು.

"ಎಮ್ಮೆ ಮುಳುಗಕಿಲ್ಲ ಸ್ವಾಮಿ," ಎಂದ ಮುನಿಕೃಷ್ಣಪ್ಪ. "ಮುಳುಗ್ತು ಅಂದ್ರೆ ಎಮ್ಮೆ ಓಯ್ತು ಅಂತಾನೆ ಲೆಕ್ಕ."

ಮುಳುಗುವುದನ್ನು ಬಿಟ್ಟುಕೊಟ್ಟು, ಮಿಕ್ಕ ಎರಡಕ್ಕೆ ಒಪ್ಪಂದವಾಯಿತು. ಅವನ ಹೆಂಡತಿ ಆಚೆ ದಡದಿಂದ ಎಮ್ಮೆಗಳನ್ನು ನೀರಿಗೆ ಬಿಡುವುದು, ಅವನು ತೆಪ್ಪದಲ್ಲಿ ನಿಂತು ಅವು ಹತ್ತಿರ ಬಾರದಂತೆ ನೋಡಿಕೊಳ್ಳುವುದು.

ಬೀಗರು ಬಂದರು. ಮರುದಿನ ಬೆಳಿಗ್ಗೆ ಲಗ್ನಪತ್ರಿಕೆ. ಬಂದ ದಿನ ಸಂಜೆ ಕೆರೆಗೆ ಹೊರಡುವ ಮುಂಚೆ ನಾನು ಅಡಿಗೆಮನೆಯಲ್ಲಿ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದಾಗ ಸೀತಾ ಬಂದು ಪಕ್ಕದಲ್ಲಿ ನಿಂತಳು. ಹುಡುಗ ಹುಡುಗಿ ಇಬ್ಬರೂ ತೆಪ್ಪಕ್ಕೆ ಬರುವಂತಿರಲಿಲ್ಲ. ಮಾತು ಮುಗಿದ ಮೇಲೆ, ಲಗ್ನಪತ್ರಿಕೆಗೆ ಮುಂಚೆ ಜೊತೆಯಲ್ಲಿ ನೀರು ದಾಟಬಾರದೆಂದು ಬೀಗಿತ್ತಿ ಗೋಪಾಲಮ್ಮನವರು ಹೇಳಿದ್ದರು. ಹೆಬ್ಬಾಳದ ಕೆರೆಗೆ ಆ ಗೌರವವಾದರೂ ಸಿಕ್ಕಿತಲ್ಲ ಎಂದುಕೊಂಡಿದ್ದೆ.

"ಅಮ್ಮ, ಅವತ್ತು ದೋಣೀಲಿ ಅವರು ನನ್ನ ಹತ್ರ ಮೆಲ್ಲಗೆ, ನಿಮಗೆ ಡಾಲ್ಫಿನ್ ಕಾಣಿಸ್ತಾ ಅಂತ ಕೇಳಿದ್ರು," ಎಂದಳು, ಉಪೇಂದ್ರನ ಹೆಸರು ಹೇಳದೆ. "ಇಲ್ಲ ಅಂದೆ. ನನಗೂ ಇಲ್ಲ ಅಂದ್ರು. ಅದಕ್ಕೇ ನಾನು ಒಪ್ಕೊಂಡಿದ್ದು. ಅಪ್ಪ ಇವತ್ತು ಏನೋ ಮಾಡೋಕೆ ಹೋಗಿ ಇದನ್ನ ಹಾಳು ಮಾಡ್ಬಿಟ್ರೆ ನಾನು ಇನ್ಯಾರನ್ನೂ ಮಾಡ್ಕೊಳಲ್ಲ. ಅತ್ತೆ ಜೊತೆ ಕೂತು ಅಕ್ಕಿ ಆರಿಸ್ತೀನಿ."

ಅತ್ತೆ ಎಂದದ್ದು ಗೋದಕ್ಕನನ್ನು. ಆಕೆ ಬಾಗಿಲ ಹಿಂದೆಯೇ ಒಣಗಿದ ಸೀರೆ ಮಡಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಮಗಳ ತಲೆ ಸವರಿ ಹೊರಗೆ ಬಂದಾಗ ಗೋದಕ್ಕ ಚಪ್ಪಲಿ ಹಾಕಿಕೊಂಡು, ನಾನೂ ಬರ್ತೀನಿ ಎಂದು ಆಟೋ ಹತ್ತಿ ಕೂತಿದ್ದಳು. ಆಕೆ ಎಲ್ಲಿಗೂ ಹೊರಡುವವಳಲ್ಲ. ಕಾರವಾರಕ್ಕೇ ಬೇಡ ಬೇಡ ಎಂದವಳನ್ನು ಎಳೆದುಕೊಂಡು ಹೋಗಿದ್ದೆವು.

ತೆಪ್ಪ ದಡ ಬಿಟ್ಟಾಗ ಬದರೀನಾಥ ಮುಂದಿನ ಕುರ್ಚಿಯಲ್ಲಿ ಕೋಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಗೋಪಾಲಮ್ಮನವರು ಕುರ್ಚಿಯ ಎರಡೂ ಕೈ ಹಿಡಿದು ಕಣ್ಣು ಮುಚ್ಚಿದ್ದರು. ಗಯಾಸ್ ಹಿಂದೆ ನಿಂತು ಗಳ ಊರುತ್ತಿದ್ದ. ಬಳ್ಳಾರಿ ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯವನೊಬ್ಬ ಗಾಡಿ ನಿಲ್ಲಿಸಿ, ಇಳಿದು ನಮ್ಮನ್ನೇ ನೋಡತೊಡಗಿದ. ನಡುನೀರಿನಲ್ಲಿ ಮದುವೆ ಕುರ್ಚಿ ಹಾಕಿಕೊಂಡು ಕೂತವರನ್ನು ಅವನಾದರೂ ಎಲ್ಲಿ ನೋಡಿರಬೇಕು? ಸೇತುರಾಮ, ಸಮುದ್ರದ ಗಾಳಿ ಸ್ವಲ್ಪ ಕಮ್ಮಿ ಇವತ್ತು ಎಂದರು. ಬದರೀನಾಥ, ಇಲ್ಲ ಇಲ್ಲ, ಸಾಕಷ್ಟಿದೆ ಎಂದು ಮಫ್ಲರ್ ಸುತ್ತಿಕೊಂಡರು.

ಸೂರ್ಯ ತೆಂಗಿನಮರಗಳ ತಲೆಯ ಹತ್ತಿರ ಬಂದಾಗ ಸೇತುರಾಮ ಎದ್ದು ನಿಂತು ಬೆರಳು ಚಾಚಿದರು. ಅಲ್ಲಿ ನೋಡಿ, ಡಾಲ್ಫಿನ್. ದೂರದಲ್ಲಿ ನೀರಿನ ಮೇಲೆ ಕಪ್ಪು ಬೆನ್ನುಗಳು ತೇಲುತ್ತಿದ್ದವು. ನಿಜ ಹೇಳುತ್ತೇನೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ ಒಂದು ಗಳಿಗೆ ನನಗೂ ಏನೋ ಕಂಡಂತಾಯಿತು. ಗೋಪಾಲಮ್ಮನವರು ಒಂದು ಕಣ್ಣು ತೆರೆದು, ಕೈ ಮುಗಿದು, ಮತ್ತೆ ಮುಚ್ಚಿಕೊಂಡರು. ಬದರೀನಾಥ ಕನ್ನಡಕ ಒರೆಸಿ ಹಾಕಿಕೊಂಡು, ಆಹಾ, ಒಂದು ಹಿಂಡೇ ಇದೆಯಲ್ಲ ಎಂದರು. ಸೇತುರಾಮರ ಮುಖ ಅರಳಿದ್ದು ನೋಡಿ ನನಗೆ ಅಳು ಬಂತು. ಪಾಪ, ಎಷ್ಟು ವರ್ಷದ ಭಾರವೋ ಅದು.

ಅಲ್ಲಿಗೆ ವಾಪಸಾಗಿದ್ದರೆ ಆಗುತ್ತಿತ್ತು. ಆದರೆ ಹಾಲು ಕರೆಯುವ ಹೊತ್ತು ಮೀರಿತ್ತು, ಕರೆಯಬೇಕಾದ ಮುನಿಕೃಷ್ಣಪ್ಪ ತೆಪ್ಪದ ಮೇಲೆ ಕಾಣುವಂತೆ ನಿಂತಿದ್ದ. ಕೆಚ್ಚಲು ಬಿಗಿದ ಎಮ್ಮೆಗೆ ಬೀಗರ ಮರ್ಯಾದೆ ಏನು ಗೊತ್ತು? ಹಿಂಡಿನಿಂದ ಒಂದು ಬೆನ್ನು ಬೇರೆಯಾಗಿ ನೇರ ನಮ್ಮ ಕಡೆ ಹೊರಟಿತು. ಮುನಿಕೃಷ್ಣಪ್ಪ ಬಾಯಲ್ಲೇ ಹಚಾ ಹಚಾ ಎಂದ, ಕೈ ಬೀಸಿದ. ಅವನ ದನಿ ಕೇಳಿ ಅದು ಇನ್ನೂ ಬೇಗ ಬಂತು. ಬಂದದ್ದೇ ಬದರೀನಾಥರ ಕುರ್ಚಿಯ ಪಕ್ಕ ಹಲಗೆಯ ಮೇಲೆ ಗದ್ದ ಊರಿ, ಬುಸ್ ಎಂದು ಉಸಿರು ಬಿಟ್ಟು, ಅವರ ಮುಖವನ್ನೇ ನೋಡತೊಡಗಿತು. ಕೊಂಬು ಎರಡೂ ಸ್ಪಷ್ಟವಾಗಿದ್ದವು. ಒಂದಕ್ಕೆ ಹಿಂದಿನ ಸಂಕ್ರಾಂತಿಯ ಹಸಿರು ಬಣ್ಣ ಇನ್ನೂ ಉಳಿದಿತ್ತು.

ಬದರೀನಾಥ ಎಮ್ಮೆಯನ್ನು ನೋಡಿದರು, ಸೇತುರಾಮರನ್ನು ನೋಡಿದರು.

"ಎಷ್ಟು ಹತ್ತಿರ ಬಂತು ನೋಡಿ," ಎಂದರು. "ಕಾರವಾರದಲ್ಲಿ ಇಷ್ಟು ಹತ್ತಿರ ಬರಲ್ಲ ಕಣ್ರೀ."

"ಇಲ್ಲಿಯವಕ್ಕೆ ಸಂಕೋಚ ಕಮ್ಮಿ," ಎಂದರು ಸೇತುರಾಮ. ಹಣೆಯಿಂದ ಬೆವರು ಇಳಿಯುತ್ತಿತ್ತು.

ಗೋಪಾಲಮ್ಮನವರು ಕಣ್ಣು ತೆರೆದು, ಇದರ ಕಿವಿ ಎಷ್ಟು ದೊಡ್ಡದಲ್ಲವೇ ಎಂದರು. ಸಿಹಿನೀರಿನ ಜಾತಿ ಎಂದು ಬದರೀನಾಥರೇ ಉತ್ತರ ಕೊಟ್ಟರು. ಎಮ್ಮೆ ನಾಲಿಗೆ ಚಾಚಿ ಅವರ ಮಫ್ಲರಿನ ತುದಿ ನೆಕ್ಕಿತು. ಅವರು ಕೈ ಮುಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ನಗುವೂ ತಡೆಯಲಾಗುತ್ತಿರಲಿಲ್ಲ. ನಾಳೆ ಯಾವುದೋ ಮಾತಿಗೆ ಈ ಮನುಷ್ಯನಿಗೆ ಅವಮಾನ ಅನ್ನಿಸಿದರೆ ಮಗಳ ಗತಿ ಏನು ಎಂದು ಸೆರಗು ಬಾಯಿಗೆ ತುರುಕಿಕೊಂಡೆ.

ಆಗ ಗೋದಕ್ಕ ಕುರ್ಚಿಯಿಂದೆದ್ದು ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಎಮ್ಮೆಯ ಹಣೆ ಕೆರೆದಳು.

"ಇದು ಎಮ್ಮೆ," ಎಂದಳು. "ನಾಳೆ ಲಗ್ನಪತ್ರಿಕೆ ಕಾಫಿಗೆ ಇದರದೇ ಹಾಲು. ಕಾರವಾರದಲ್ಲೂ ನನಗೇನೂ ಕಾಣ್ಲಿಲ್ಲ, ಬರೀ ನೀರು. ಕಂಡಿದ್ರೆ ಕಂಡಿತು ಅಂತಿದ್ದೆ."

ಸೇತುರಾಮ ಕುರ್ಚಿಯಲ್ಲಿ ಕುಸಿದರು. ಗಯಾಸ್ ಗಳ ಊರುವುದನ್ನು ನಿಲ್ಲಿಸಿದ. ನಾನು ಬದರೀನಾಥರ ಮುಖವನ್ನೇ ನೋಡುತ್ತಿದ್ದೆ. ಅವರು ಈಗ ಎದ್ದು ನಿಲ್ಲುತ್ತಾರೆ, ದಡಕ್ಕೆ ನಡೀರಿ ಅನ್ನುತ್ತಾರೆ, ರಾತ್ರಿ ಬಸ್ಸಿಗೆ ಹೊರಟುಬಿಡುತ್ತಾರೆ ಎಂದು ಮನಸ್ಸು ಓಡುತ್ತಿತ್ತು. ಅವರು ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನಾನೂ ನೋಡಿಲ್ಲಮ್ಮ," ಎಂದರು. "ಕಾರವಾರಕ್ಕೆ ಹೋದ ಹೊಸತರಲ್ಲಿ ಯಾರೋ ನನಗೆ ಹಾಗೇ ಬೆರಳು ತೋರಿಸಿದ್ರು. ಎಲ್ಲರೂ ಕಂಡಿತು ಅಂದ್ರು, ನಾನೂ ಅಂದೆ. ಆಮೇಲೆ ಬಂದವರಿಗೆಲ್ಲ ನಾನೇ ತೋರಿಸ್ತಾ ಬಂದೆ. ಅವರಿಗೂ ಕಾಣಿಸ್ತು. ನನಗೊಬ್ಬನಿಗೇ ಕಾಣಲ್ಲ ಅಂತ ಹೆದರಿ ಕಣ್ಣಿನ ಡಾಕ್ಟರ ಹತ್ರ ಹೋದೆ. ಈ ಕನ್ನಡಕ ಅದಕ್ಕೇ ಮಾಡಿಸಿದ್ದು."

ಮೊದಲು ನಕ್ಕವರು ಗೋಪಾಲಮ್ಮನವರು. ಈ ಕನ್ನಡಕಕ್ಕೆ ಅಂತ ನನ್ನನ್ನ ಹುಬ್ಬಳ್ಳಿವರೆಗೆ ಎಳ್ಕೊಂಡು ಹೋಗಿದ್ರು ಎನ್ನುತ್ತ, ಕುರ್ಚಿಯ ಕೈ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಲ್ಲರೂ ನಕ್ಕೆವು, ತೆಪ್ಪ ಓಲಾಡಿತು, ಕಾಫಿಯ ಫ್ಲಾಸ್ಕು ಉರುಳಿ ನೀರಿಗೆ ಬಿತ್ತು. ಇದರ ನಡುವೆ ಸೂರ್ಯ ಯಾವಾಗಲೋ ಮುಳುಗಿಹೋಗಿದ್ದ. ನೀರಿಗೋ ತೋಟಕ್ಕೋ ಯಾರೂ ನೋಡಲಿಲ್ಲ. ನಾಳೆ ಬೇಗ ಪುರೋಹಿತರು ಬರುತ್ತಾರಲ್ಲವೇ, ದಡಕ್ಕೆ ಹೋಗೋಣ, ನಿಮ್ಮ ಎಮ್ಮೆಗೂ ಹೊತ್ತಾಯಿತು ಎಂದರು ಬದರೀನಾಥ.

ಗಯಾಸ್ ತೆಪ್ಪ ತಿರುಗಿಸಿದ. ಎಮ್ಮೆ ಪಕ್ಕದಲ್ಲೇ ಈಜುತ್ತ ಬಂತು. ಗೋದಕ್ಕ ಮಾತ್ರ ನಕ್ಕಿರಲಿಲ್ಲ. ಎಮ್ಮೆಯ ಹಣೆಯ ಮೇಲಿನ ಕೈಯನ್ನು ತೆಗೆದಿರಲಿಲ್ಲ.

"ಸೇತೂ," ಎಂದಳು, ನೀರನ್ನು ನೋಡುತ್ತ. "ಅವತ್ತು ಅಪ್ಪ ಮೊದಲೇ, ತಟ್ಟೆ ನಮ್ಮದಲ್ಲ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ಕಣೋ. ಯಾರಿಗ್ಗೊತ್ತು, ಆ ಗಂಡಿನವರು ಹಾಕ್ಕೊಂಡು ಬಂದಿದ್ದ ಕೋಟೂ ಎರವಲೇ ಇತ್ತೇನೋ."

ಸೇತುರಾಮ ಕುರ್ಚಿ ಬಿಟ್ಟು ಇಳಿದು, ಒದ್ದೆ ಹಲಗೆಯ ಮೇಲೆ ಅಕ್ಕನ ಪಕ್ಕ ಕೂತರು. ದಡ ಮುಟ್ಟುವವರೆಗೂ ಹಾಗೇ ಕೂತಿದ್ದರು.