ಇಳಿಜಾರಿನ ಟ್ರ್ಯಾಕ್ಟರ್

ಗೊಬ್ಬರ ಸಾಗಿಸಲು ಹಳೆಯ ಟ್ರ್ಯಾಕ್ಟರೊಂದನ್ನು ಆರಿಸಲು ಗಿರಿಧರ ಹೆಂಡತಿ ಗೋದಾವರಿಯೊಂದಿಗೆ ಆಲೆಟ್ಟಿಗೆ ಹೋಗಿದ್ದ. ಮಾರುವವನು ಅದನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದ. ಗಿರಿಧರ ಹತ್ತಿ ಕೂತು, ಕೆಳಕ್ಕೆ ಉರುಳಿಸಿ ಕ್ಲಚ್ ಬಿಟ್ಟದ್ದೇ ತಡ, ಇಂಜಿನ್ ಗುಡುಗುಡು ಎಂದಿತು. ಆ ಸದ್ದಿಗೇ ಅವನು ಮರುಳಾದ.

"ಸಮತಟ್ಟಲ್ಲಿ ಒಮ್ಮೆ ಸ್ಟಾರ್ಟ್ ಮಾಡಿ ನೋಡುವ," ಎಂದಳು ಗೋದಾವರಿ.

"ನಮ್ಮ ಕಡೆ ಸಮತಟ್ಟು ಎಲ್ಲುಂಟು ಮಾರಾಯ್ತಿ?" ಎಂದು ಗಿರಿಧರ ನಕ್ಕ.

ಅದನ್ನೇ ಕೊಂಡು ಗುತ್ತಿಗಾರಿನ ತನ್ನ ಮನೆಗೆ ತಂದು, ನೆರೆಕರೆಯವರೆಲ್ಲ ನೋಡಲೆಂದು ಅಂಗಳದ ನಟ್ಟನಡುವೆ ನಿಲ್ಲಿಸಿ, ಠೀವಿಯಿಂದ ಇಂಜಿನ್ ಆಫ್ ಮಾಡಿದ. ಮತ್ತೆ ಕೀಲಿ ತಿರುಗಿಸಿದರೆ ಅದು ಕೆಮ್ಮಲೂ ಇಲ್ಲ. ಆಗ ಹೊಳೆಯಿತು: ಅವನ ಇಡೀ ಜಾಗದಲ್ಲಿ ಸಮತಟ್ಟೆಂದರೆ ಅಡಿಕೆ ಒಣಗಿಸುವ ಈ ಅಂಗಳ ಒಂದೇ.

ಮರುದಿನ ಟ್ರ್ಯಾಕ್ಟರಿನ ಸುತ್ತ ಅಡಿಕೆ ಹರಡಿದ ಗೋದಾವರಿ, ಜಾಗ ಸಾಲದೆ ಬಾನೆಟ್ಟಿನ ಮೇಲೂ ಒಂದಿಷ್ಟು ಸುರಿದಳು.

"ಕೆಲಸಕ್ಕೆ ಅಂತ ತಂದದ್ದಲ್ವಾ? ಮಾಡಲಿ!"