ಸುಘೋಷನ ಕಡೆಯವರು

ಚಟ್ಟದ ಬಿದಿರಿಗೆ ಕೈ ಹಾಕಿ ಬಗ್ಗಿದ್ದ ಉಪೇಂದ್ರನ ಮೊಣಕೈಯನ್ನು ಜಾನಕಮ್ಮ ಗಬಕ್ಕನೆ ಹಿಡಿದುಕೊಂಡಳು.

"ಬಿಡೋ ಅದನ್ನ."

ಉಪೇಂದ್ರ ತಲೆಯೆತ್ತಿದ. ಅವನ ಒದ್ದೆ ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಅಯ್ಯೋ, ಮುಟ್ಟಿಬಿಟ್ಟೆಯಲ್ಲ ಅಕ್ಕಾ!"

"ಮುಟ್ಟಿದೆ. ಏನೀಗ?"

ವಿಷ್ಣುತೀರ್ಥಾಚಾರ್ಯರು ಕೈಯಲ್ಲಿದ್ದ ದರ್ಭೆಯನ್ನು ತಟ್ಟೆಗೆ ಹಾಕಿ ನಿಟ್ಟುಸಿರಿಟ್ಟರು. "ಕರ್ಮ ಮಾಡೋರು ಮಡಿಯಲ್ಲಿರಬೇಕು ಜಾನಕಮ್ಮನವರೇ. ನಿಮಗೆ ಗೊತ್ತಿಲ್ಲದ್ದೇ? ಈಗ ಅವರು ಇನ್ನೊಂದು ಸಲ ತಲೆಗೆ ನೀರು ಹಾಕ್ಕೋಬೇಕು."

ಗೊತ್ತಿತ್ತು. ಗೊತ್ತಿದ್ದೇ ಹಿಡಿದಿದ್ದಳು. ಈ ಎರಡನೇ ಮಹಡಿಗೆ ನಲ್ಲಿಯಲ್ಲಿ ನೀರು ಬಂದು ವಾರವಾಗಿತ್ತು. ಉಪೇಂದ್ರ ಕೆಳಗಿಳಿದು ತೊಟ್ಟಿಯ ಹತ್ತಿರ ಮಿಂದು ಬರಬೇಕು. ಅಷ್ಟು ಹೊತ್ತಾದರೂ ಸಿಕ್ಕಿತಲ್ಲ.

"ಅವನ ಕಡೆಯವರು ಇನ್ನೂ ಬಂದಿಲ್ಲ. ಅವರು ಬರೋ ತನಕ ಯಾರೂ ಎತ್ತೋ ಹಾಗಿಲ್ಲ," ಎಂದಳು.

"ಯಾವ ಕಡೆಯವರು? ಚಿಕ್ಕಪ್ಪನ ಮಗ ನಾನಿದ್ದೀನಿ. ಒಡಹುಟ್ಟಿದೋಳು ನೀನಿದ್ದೀಯ. ಭಾವ ಇದ್ದಾರೆ. ಇನ್ಯಾರು ಬರಬೇಕು?"

"ಅವನ ಸ್ನೇಹಿತರು."

ಉಪೇಂದ್ರ ಸುತ್ತ ನೋಡಿದ. ಗೋಡೆಗೊರಗಿ ಕುಳಿತು ಮಂಡಿ ತಿಕ್ಕಿಕೊಳ್ಳುತ್ತಿದ್ದ ಜಾನಕಮ್ಮನ ಗಂಡ ತಿರುಮಲರಾಯರು, ಬಾಗಿಲ ಬಳಿ ನಿಂತ ಮಗಳು ಮಾನ್ಯಾ, ಆಚಾರ್ಯರು. ಅಷ್ಟೇ ಜನ. ಹೆಣದ ಮೇಲೆ ಎರಡೇ ಹಾರ. ಒಂದು ಮನೆಯವರದು, ಇನ್ನೊಂದನ್ನು ಬೆಳಿಗ್ಗೆ ಆಫೀಸಿನವರು ಇಬ್ಬರು ಬಂದು ಹಾಕಿ, ಚಪ್ಪಲಿ ಸರಿಯಾಗಿ ಬಿಡದೆಯೇ ಹೊರಟುಹೋಗಿದ್ದರು.

"ಶ್ಮಶಾನದವರು ಕೊಟ್ಟಿರೋ ನೇರ, ಆ ಹೊತ್ತು ಮೀರಿದರೆ ನಾಳೆಗೇ ಅಂತ ಹೇಳಿದ್ದಾರೆ ಅಕ್ಕಾ."

"ನಿನ್ನ ನೇರ ನಿನ್ನ ಬ್ಯಾಂಕಿನಲ್ಲಿಟ್ಟುಕೋ. ಹೋಗು, ಸ್ನಾನ ಮಾಡು."

ಉಪೇಂದ್ರ ಗೊಣಗುತ್ತ ಮೆಟ್ಟಿಲಿಳಿದ. ಜಾನಕಮ್ಮ ತಮ್ಮನ ತಲೆಯ ಬಳಿ ಕುಳಿತು ಬೀದಿಯ ಕಡೆ ಕಿವಿಗೊಟ್ಟಳು. ಆಟೋ ಸದ್ದಾದಾಗಲೆಲ್ಲ ಕುತ್ತಿಗೆ ಎತ್ತುತ್ತಿದ್ದಳು. ಬಂದರಿನ ಕಡೆಗೆ ಹೋಗುವ ಲಾರಿಗಳ ಗದ್ದಲದಲ್ಲಿ ಆಟೋ ಯಾವುದು, ಏನು ಎಂದು ತಿಳಿಯುವುದೇ ಕಷ್ಟವಾಗಿತ್ತು.

ಸುಘೋಷ ಅವಳ ಬೆನ್ನಿಗೆ ಬಿದ್ದ ತಮ್ಮ. ಐವತ್ತರ ಹತ್ತಿರ. ಬಂದರಿನ ಪಕ್ಕದ ಹಡಗು ಏಜೆಂಟರ ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಲಿಲ್ಲ. ತಾಯಿ ಹೋದ ಮೇಲೆ ಮಾಂಬಲದ ಮನೆ ಬಿಟ್ಟು, ಆಫೀಸಿಗೆ ಹತ್ತಿರವೆಂದು ರಾಯಪುರಂನ ಈ ಮನೆಗೆ ಬಾಡಿಗೆಗೆ ಬಂದಿದ್ದ. ಒಂದು ಕೋಣೆ, ಒಂದು ಅಡುಗೆಮನೆ. ನಿನ್ನೆ ನಿದ್ದೆಯಲ್ಲೇ ಎದೆ ನಿಂತುಹೋಗಿತ್ತು. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಬಿಸಿಲಿಗೆ ಉಬ್ಬಿ ಕುಳಿತಿದ್ದು ಕಂಡು ಕೆಳಗಿನ ಮನೆಯ ಸ್ಟೆಲ್ಲಾ ತನ್ನ ಅಣ್ಣತಮ್ಮಂದಿರನ್ನು ಕರೆದು ಚಿಲಕ ಮುರಿಸಿದ್ದಳು.

"ಜಾನಕಿ," ತಿರುಮಲರಾಯರು ಮೆಲ್ಲಗೆ ಕೇಳಿದರು, "ಯಾರೇ ಅದು ಸ್ನೇಹಿತರು? ನಾನು ಒಬ್ಬನನ್ನೂ ನೋಡಿಲ್ಲವಲ್ಲ."

"ನೀವು ಏನು ನೋಡಿದ್ದೀರಿ, ಪೇಪರು ಬಿಟ್ಟು? ಆಟದವರು ಇದ್ದಾರೆ ಅವನಿಗೆ. ಕಂಪ್ಯೂಟರಿನಲ್ಲಿ."

*

ಎರಡು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ ಅವಳು ಹೇಳದೆ ಕೇಳದೆ ಬಂದಿದ್ದಳು. ಚೀಲದಲ್ಲಿ ಡಬ್ಬಿ ತುಂಬ ಪುಳಿಯೋಗರೆ. ಅದರ ಕೆಳಗೆ ತಾಂಬರದ ಒಬ್ಬ ಟೀಚರಮ್ಮನ ಜಾತಕ. ಆಕೆಗೂ ನಲವತ್ತು ದಾಟಿತ್ತು. ಈ ಸಲ ಇವನನ್ನು ಕುತ್ತಿಗೆ ಹಿಡಿದಾದರೂ ಒಪ್ಪಿಸಿಯೇ ಹೋಗುವುದೆಂದು ಬಸ್ಸಿನಲ್ಲಿ ಬರುವಾಗಲೇ ಹಲ್ಲು ಕಚ್ಚಿಕೊಂಡಿದ್ದಳು.

ಬಾಗಿಲು ತೆರೆದೇ ಇತ್ತು. ಸುಘೋಷ ಈ ಕಡೆ ಬೆನ್ನು ಮಾಡಿ ಕುಳಿತಿದ್ದ. ಕಿವಿಗೆ ದಪ್ಪನೆಯ ಹೆಡ್‌ಫೋನು. ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡು ನಕ್ಕ. "ಭಲೇ ಮಾರಾಯಾ! ಅಲ್ಲಿ ಬಚ್ಚಿಟ್ಟಿದ್ದೀಯಾ? ನನಗೇ ಕೈ ಕೊಟ್ಟೆಯಲ್ಲೋ!"

ಜಾನಕಮ್ಮ ಹೊಸ್ತಿಲಲ್ಲೇ ನಿಂತಳು. ತಮ್ಮ ಹಾಗೆ ನಕ್ಕಿದ್ದನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು. ಮದುವೆ ಮುಂಜಿಗಳಲ್ಲಿ ಅವನು ಕಂಬದ ಮರೆ ಹುಡುಕಿ ನಿಲ್ಲುವವನು. ಉಂಡು, ಕೈ ತೊಳೆದು, ಯಾರಿಗೂ ಹೇಳದೆ ಹೊರಟುಬಿಡುವವನು.

"ಯಾರ ಜೊತೆಯೋ ಮಾತು?" ಎಂದು ಬೆನ್ನು ತಟ್ಟಿದಳು.

ಅವನು ಬೆಚ್ಚಿ ಹೆಡ್‌ಫೋನು ತೆಗೆದ. ಮುಖ ಕೆಂಪಾಯಿತು. "ಯಾರೂ ಇಲ್ಲ ಅಕ್ಕಾ. ಆಟ."

"ಆಟವೋ, ಆಡೋಳೋ?"

"ಸುಮ್ಮನಿರು ಅಕ್ಕಾ," ಎಂದು ಅವನು ಇನ್ನಷ್ಟು ಕೆಂಪಾದ.

ಅಷ್ಟು ಸಾಕಾಗಿತ್ತು ಅವಳಿಗೆ. ಮಾಂಬಲದಲ್ಲಿ ಅವಳ ಎದುರು ಮನೆಯ ಹುಡುಗನೂ ಹೀಗೆಯೇ ಕಿವಿಗೆ ಕಟ್ಟಿಕೊಂಡು ಕಿರುಚಿ ಆಡುತ್ತಿದ್ದ. ಅವನು ಕಾಲು ಮುರಿದುಕೊಂಡು ಮಲಗಿದಾಗ, ಹೆತ್ತ ತಾಯಿಯೇ ಕಂಡಿರದ ಹುಡುಗರು ಮನೆ ತುಂಬ ಬಂದು ಕುಳಿತಿದ್ದರು. ಆಟದ ಸ್ನೇಹಿತರಂತೆ. ಒಬ್ಬ ಕೊಯಮತ್ತೂರಿನಿಂದ ಬಂದಿದ್ದ.

ಜಾನಕಮ್ಮ ಅಂದು ಪುಳಿಯೋಗರೆಯ ಡಬ್ಬಿ ಮಾತ್ರ ಹೊರಗೆ ತೆಗೆದಳು. ಜಾತಕ ಚೀಲದಲ್ಲೇ ಮಾಂಬಲಕ್ಕೆ ವಾಪಸಾಯಿತು. ಆಮೇಲೆ ಅವಳು ಇನ್ನೊಂದು ಜಾತಕಕ್ಕೆ ಕೈ ಹಾಕಲಿಲ್ಲ. ವಾರಕ್ಕೆರಡು ಸಲ ಮಾಡುತ್ತಿದ್ದ ಫೋನನ್ನು ತಿಂಗಳಿಗೊಂದು ಮಾಡಿದಳು. ಅವನಿಗೂ ಜನ ಇದ್ದಾರೆ, ಪಾಪ, ನಾನು ಯಾಕೆ ನಡುವೆ ಎಂದುಕೊಂಡಳು.

*

"ಮಾನ್ಯಾ, ಆ ಕಂಪ್ಯೂಟರ್ ಹಾಕು."

ಮಾನ್ಯಾ ಬೆಚ್ಚಿದಳು. "ಎದುಕ್ಕು ಮಾ? ಯಾಕೆ ಈಗ? ಬೇಡ."

"ಹಾಕು ಅಂದೆ. ಮಾಮ ಹೋಗಿಬಿಟ್ಟ ಅಂತ ಅವರಿಗೆ ಹೇಳಿದ್ದು ಯಾರು? ಯಾರೂ ಇಲ್ಲ. ಗೊತ್ತಾಗದೆ ಹೇಗೆ ಬಂದಾರು?" ತಾನು ಬೆಳಗಿನಿಂದ ಇದನ್ನು ಯೋಚಿಸಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. "ಅದರಲ್ಲೇ ಬರೆದು ಹಾಕು. ಇಂಥ ಬೀದಿ, ಇಂಥ ಮನೆ, ಬೇಗ ಬನ್ನಿ ಅಂತ."

ಕಂಪ್ಯೂಟರು ಕಿಟಕಿಯ ಕೆಳಗಿತ್ತು. ಧೂಳು ಬೀಳದಂತೆ ಅದರ ಮೇಲೊಂದು ಹಳೆಯ ಟವೆಲು. ಮಾನ್ಯಾ ಅದನ್ನು ತೆಗೆದು, ಗುಂಡಿ ಒತ್ತಿ, ಮೌಸು ಹಿಡಿದು ಏನೇನೋ ಮಾಡಿದಳು. ಜಾನಕಮ್ಮ ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಪರದೆಯ ಮೇಲೆ ಒಂದು ಕೋಣೆ ಮೂಡಿತು.

"ಬರಿ."

"ಬರೆಯೋಕೆ ಎಡಮೇ ಇಲ್ಲ ಮಾ."

"ಎಂಥ ಜಾಗ ಇಲ್ಲ? ಹುಡುಕು."

"ಅಮ್ಮಾ..." ಮಾನ್ಯಾ ಕುರ್ಚಿ ತಿರುಗಿಸಿದಳು. ಅವಳ ಕಣ್ಣು ತುಂಬಿದ್ದವು. "ಇದು ಸಿಂಗಲ್ ಪ್ಲೇಯರ್. ಒಬ್ಬರೇ ಆಡೋದು. ಒಂದು ರೂಮಿಗೆ ಬೀಗ ಹಾಕಿರುತ್ತೆ. ಸುತ್ತ ಇರೋದನ್ನೆಲ್ಲ ನೋಡಿ, ತೆಗೆದು, ಜೋಡಿಸಿ, ಕೀ ಕಂಡುಹಿಡಿದು ಆಚೆ ಬರಬೇಕು. ಮಾಮಾ ಆಡ್ತಿದ್ದಿದ್ದು ಎಲ್ಲಾನೂ ಇದೇ ಥರ. ಇದರಲ್ಲಿ ಯಾರುಮೇ ಇಲ್ಲ ಮಾ."

"ಮಾತಾಡ್ತಿದ್ದನಲ್ಲೇ! ನಾನು ಈ ಕಿವಿಯಲ್ಲಿ ಕೇಳಿದ್ದೀನಿ."

"ತಾನೇ ಮಾತಾಡ್ಕೋತಾ ಇದ್ದರು."

ಜಾನಕಮ್ಮನ ಮುಖಕ್ಕೆ ರಕ್ತ ನುಗ್ಗಿತು. "ಹಗಲೆಲ್ಲ ಆಫೀಸಿನ ಮೂಲೆಯಲ್ಲಿ ಒಬ್ಬನೇ ಕೂತು, ಸಂಜೆ ಇಲ್ಲಿಗೆ ಬಂದು ಒಬ್ಬನೇ ಕೂತು, ಅದೂ ಸಾಲದು ಅಂತ ಬೀಗ ಹಾಕಿರೋ ರೂಮಲ್ಲಿ ಒಬ್ಬನೇ ಕೂರೋ ಆಟವೇ? ಯಾವ ಮುಠ್ಠಾಳ ಮಾಡಿದ್ದು ಇದನ್ನ? ಯಾವ ಮುಠ್ಠಾಳ ಆಡ್ತಾನೆ?" ಎಂದು ಚಟ್ಟದ ಕಡೆ ತಿರುಗಿದವಳು, ಬೈಯಬೇಕಾದವನು ಅಲ್ಲಿ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಾನೆ ಎಂದು ಆಗ ನೆನಪಾದವಳಂತೆ ಸುಮ್ಮನಾದಳು.

"ನನಗೆ ಗೊತ್ತು ಯಾಕೆ ಆಡ್ತಿದ್ದರು ಅಂತ," ಎಂದಳು ಮಾನ್ಯಾ.

*

ಮಾನ್ಯಾ ಹೇಳಿದ್ದು ಇದು. ಹೋದ ಬೇಸಗೆಯಲ್ಲಿ ಪರೀಕ್ಷೆ ಫೇಲಾದ ದಿನ ಅವಳು ಮನೆಗೆ ಬರಲಿಲ್ಲ. ಅಮ್ಮನ ಬಾಯಿಗೆ ಹೆದರಿ, ರೈಲು ಹತ್ತಿ ಇಲ್ಲಿಗೆ ಬಂದಿದ್ದಳು. ಮಾಮ ಏನೂ ಕೇಳಲಿಲ್ಲ. ತನ್ನ ಕುರ್ಚಿ ಬಿಟ್ಟುಕೊಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತ.

ಪರದೆಯ ಮೇಲೆ ಹಡಗಿನ ಕ್ಯಾಬಿನ್ನಿನಂಥ ಒಂದು ಕೋಣೆ. ಅವಳು ಅದನ್ನು ಒತ್ತಿ, ಇದನ್ನು ಎಳೆದು, ಬೆವರಿ, "ಟೈಮ್ ಎಷ್ಟಿದೆ ಮಾಮಾ?" ಎಂದು ಕೇಳಿದಳು.

"ಟೈಮಿಲ್ಲ. ಗಡಿಯಾರ ಇರೋ ಆಟ ನಾನು ಆಡಲ್ಲ. ಆಫೀಸಲ್ಲಿ ಇದೆಯಲ್ಲ ಅದು, ನೆತ್ತಿ ಮೇಲೆ."

"ಸೋತರೆ?"

"ಸೋಲೋದೂ ಇಲ್ಲ. ಸಾಕಾದರೆ ಎದ್ದು ಹೋಗು, ಬಂದಾಗ ಇಟ್ಟಿದ್ದು ಇಟ್ಟಲ್ಲೇ ಇರುತ್ತೆ. ಏನೂ ತೋಚದಿದ್ದರೆ ಅಲ್ಲಿ ಸುಳಿವು ಕೊಡೋ ಗುಂಡಿ ಇದೆ. ಒತ್ತಿದರೆ ಯಾರೂ ನಗಲ್ಲ."

ಅವಳು ಸುಳಿವು ಒತ್ತಲಿಲ್ಲ. ಸಂಜೆ ಬಾಗಿಲು ತೆರೆದುಕೊಂಡಾಗ, ಫೇಲಾಗಿದ್ದೇ ಮರೆತುಹೋಗುವಷ್ಟು ಖುಷಿಯಾಯಿತಂತೆ. ಆಗ ಮಾಮ ಹೇಳಿದನಂತೆ: "ನೋಡು, ಈ ರೂಮನ್ನ ಯಾರೋ ಎಲ್ಲೋ ಕೂತು ಮಾಡಿದ್ದಾರೆ. ಒಬ್ಬ ಬರ್ತಾನೆ, ಮೊದಲು ಇಲ್ಲಿ ಹುಡುಕ್ತಾನೆ, ಇಲ್ಲಿ ತಲೆ ಕೆರ್ಕೋತಾನೆ, ಅಂತ ಎಲ್ಲಾ ಯೋಚನೆ ಮಾಡಿ ಕೀ ಇಟ್ಟಿದ್ದಾರೆ. ಸಿಗಲಿ ಅಂತಲೇ ಇಟ್ಟಿದ್ದಾರೆ ಕಣೇ. ನನ್ನ ವಿಷಯ ಅಷ್ಟು ಯೋಚನೆ ಮಾಡೋರು ಯಾರಿದ್ದಾರೆ?"

"ಅಮ್ಮ ಇಲ್ವಾ?"

"ಅಕ್ಕ ಮಾಡ್ತಾಳೆ," ಎಂದು ಅವನು ನಕ್ಕಿದ್ದ. "ಆದರೆ ಅವಳು ಕೀ ಹುಡುಕಲ್ಲ. ಬಾಗಿಲು ಒಡೀತಾಳೆ."

*

ಉಪೇಂದ್ರ ಮತ್ತೆ ನೀರು ಸುರಿಸಿಕೊಂಡು ಮೇಲೆ ಬಂದ. ಹಲ್ಲು ಕಟಕಟಿಸುತ್ತಿತ್ತು. "ಬಂದರಾ ಅಕ್ಕಾ?"

ಜಾನಕಮ್ಮ ಮಗಳ ಮುಖವನ್ನಾಗಲಿ ಗಂಡನ ಮುಖವನ್ನಾಗಲಿ ನೋಡಲಿಲ್ಲ. "ಇಲ್ಲ. ಬರೋದಿಲ್ಲ. ಎತ್ತಿ."

ಎತ್ತುವವರಾರು? ತಿರುಮಲರಾಯರು ಗೋಡೆ ಹಿಡಿದು ಎದ್ದರು. ಆ ಮಂಡಿಯಲ್ಲಿ ಅವರು ಮೆಟ್ಟಿಲು ಹತ್ತಿ ಬಂದದ್ದೇ ದೊಡ್ಡದು. ಹೆಣ ಒಯ್ಯಲು ಬಂದಿದ್ದ ವ್ಯಾನಿನ ಡ್ರೈವರು ಮೇಲೆ ಬರಲಾರೆನೆಂದಿದ್ದ. ಬಾಗಿಲಲ್ಲಿ ಸ್ಟೆಲ್ಲಾ ನಿಂತಿದ್ದಳು. ಅವಳ ಹಿಂದೆ ಅವಳ ಮೂವರು ಅಣ್ಣತಮ್ಮಂದಿರು. ದೋಣಿಯ ಕೆಲಸ ಬಿಟ್ಟು, ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

"ನಾಂಗ ಪಿಡಿಕ್ಕಿರೋಂ ಅಮ್ಮಾ," ಎಂದ ದೊಡ್ಡವನು. ನಾವು ಹಿಡೀತೀವಿ ಅಂದ.

ಆಚಾರ್ಯರು ಫ್ಯಾನಿನ ಕಡೆ ನೋಡಿದರು. ಉಪೇಂದ್ರ ಅಕ್ಕನ ಕಡೆ ಬಗ್ಗಿ, ಈ ಸಲ ಅವಳ ಕೈಗೆ ಸಿಗದಷ್ಟು ದೂರ ನಿಂತು, "ಅವರು ನಮ್ಮವರಲ್ಲ ಅಕ್ಕಾ," ಎಂದು ಪಿಸುಗುಟ್ಟಿದ.

"ನಮ್ಮವರಿದ್ದರೆ ಕರಿ ಮತ್ತೆ. ಕರಿಯೋ! ಕಾಯ್ತೀನಿ." ಅವಳ ಕೂಗಿಗೆ ಬೀದಿಯಲ್ಲಿ ಹೋಗುವವರು ನಿಂತು ಮೇಲೆ ನೋಡಿದರು. "ಇವರಿಗೆ ಈ ಮೆಟ್ಟಿಲು ಗೊತ್ತು. ಹಿಡೀಲಿ."

ಹಿಡಿದರು. ಇಕ್ಕಟ್ಟಿನ ತಿರುವಿನಲ್ಲಿ ಚಟ್ಟವನ್ನು ಓರೆ ಮಾಡಿ, ಗೋಡೆಗೆ ತಾಗಿಸದೆ, ಒಬ್ಬರಿಗೊಬ್ಬರು ಮೆಲ್ಲಗೆ ಹೇಳಿಕೊಳ್ಳುತ್ತ ಇಳಿಸಿದರು. ಸ್ಟೆಲ್ಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಸಾರ್ ಮೇಲಿದ್ದಾರೆ ಅನ್ನೋ ಸದ್ದೇ ಕೇಳ್ತಿರಲಿಲ್ಲ ಎಂದು ತಮಿಳಿನಲ್ಲಿ ಹೇಳಿದಳು. ಹೊಗಳಿಕೆಯಾಗಿಯೇ ಹೇಳಿದ್ದಳು. ಜಾನಕಮ್ಮ ತಲೆಯಾಡಿಸಿದಳು.

ಹೆಂಗಸರು ಹೋಗುವಂತಿರಲಿಲ್ಲ. ಗಂಡಸರನ್ನೆಲ್ಲ ಹತ್ತಿಸಿಕೊಂಡು ವ್ಯಾನು ಬೀದಿಯ ತುದಿಯಲ್ಲಿ ತಿರುಗಿ ಲಾರಿಗಳ ನಡುವೆ ಸೇರಿಹೋಯಿತು.

ತೊಟ್ಟಿಯಿಂದ ನೀರು ಹೊತ್ತು ತಂದು ನೆಲ ತೊಳೆದು, ತಲೆಯಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು, ತಾಯಿ ಮಗಳು ಮಿಂದರು. ಇವತ್ತು ಈ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ. ಸ್ಟೆಲ್ಲಾ ಕಾಫಿ ಕೊಡುತ್ತೇನೆಂದಿದ್ದಳು. ತರಲು ಮಾನ್ಯಾ ಕೆಳಗೆ ಹೋದಳು.

ಜಾನಕಮ್ಮ ಒದ್ದೆ ಕೂದಲು ಗಂಟು ಹಾಕಿಕೊಂಡು ಕುರ್ಚಿಯಲ್ಲಿ ಕುಳಿತಳು. ಪರದೆ ಕಪ್ಪಾಗಿತ್ತು. ಮೌಸಿಗೆ ಕೈ ತಾಗಿದ್ದೇ ಬೆಳಕಾಯಿತು. ಸುಘೋಷ ಬಿಟ್ಟುಹೋದ ಕೋಣೆ ಹಾಗೆಯೇ ಇತ್ತು. ಮುಚ್ಚಿದ ಬಾಗಿಲು. ಕಿಟಕಿಯಾಚೆ ಸಂಜೆ. ಮೂಲೆಯಲ್ಲಿ ಒಂದು ಪುಟ್ಟ ಸ್ಟವ್ವು. ಅವನು ಹಚ್ಚಿದ್ದಿರಬೇಕು, ಇನ್ನೂ ಉರಿಯುತ್ತಿತ್ತು. ಮೇಲಿಟ್ಟ ಕೆಟಲಿನ ಮುಚ್ಚಳ ಸಣ್ಣಗೆ ಕುಣಿಯುತ್ತಿತ್ತು. ಮೇಜಿನ ಮೇಲೆ ಒಂದು ಲೋಟ, ಒಂದೇ ಕುರ್ಚಿ.

ಅವಳು ಬಾಗಿಲ ತಂಟೆಗೆ ಹೋಗಲಿಲ್ಲ. ಮಗಳು ಮಾಡಿದ್ದನ್ನು ನೆನೆಸಿಕೊಂಡು ಮೌಸನ್ನು ಮೆಲ್ಲಗೆ ಸರಿಸಿದಳು. ಗೋಡೆಯ ಗೂಡಿನ ಮೇಲೆ ಒತ್ತಿದಳು. ಗೂಡು ತೆರೆದುಕೊಂಡಿತು, ಒಳಗೆ ಏನೂ ಇರಲಿಲ್ಲ. ಅದನ್ನು ಮುಚ್ಚಿ, ಪಕ್ಕದ ಡ್ರಾಯರು ಎಳೆದಳು. ಆಮೇಲೆ ಕಪಾಟು. ಹಾಗೆ ಒಂದೊಂದನ್ನೇ ತೆರೆದು ನೋಡುತ್ತ, ಇನ್ನೊಂದು ಲೋಟ ಹುಡುಕತೊಡಗಿದಳು.