ಮೇಜಿನ ಮೇಲಿನ ಅಂಗಡಿ

ಶಾಲೆ ನಡೆಸುವ ದೊಡ್ಡ ಮೇಡಂ ಹಿಂದಿನ ಬೆಂಚಿನಲ್ಲಿ ಕೂತದ್ದೇ ತಡ, ಟೀಚರಮ್ಮ ಪಾಠ ನಿಲ್ಲಿಸಿದಳು. ದುಡಿಯುವವರ ಸಂಜೆ ಶಾಲೆಯ ಈ ತರಗತಿಯಲ್ಲಿ ಯಾರೂ ಇಂಗ್ಲಿಷಿನಲ್ಲಿ ಬಾಯಿ ಬಿಡುವುದಿಲ್ಲ ಎಂಬ ದೂರು ಹಳೆಯದು. ಇವತ್ತು ಎಲ್ಲರೂ ಒಂದು ಮಾತಾದರೂ ಆಡಬೇಕು. ಒಬ್ಬರು ಸುಮ್ಮನಿದ್ದರೂ ತರಗತಿ ಬಂದ್, ಟೀಚರಮ್ಮನ ಕೆಲಸವೂ ಹೋಯಿತು. ಮೇಡಂ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು.

ಅವಳು ವ್ಯಾಕರಣದ ಪುಸ್ತಕ ಮುಚ್ಚಿದಳು.

"ನಿಮ್ಮ ಕಸುಬಿನ ಸಾಮಾನು ತನ್ನಿ ಅಂದಿದ್ದೆನಲ್ಲ, ಮೇಜಿನ ಮೇಲಿಡಿ. ಇದೀಗ ಇದು ಅಂಗಡಿ. ಇಂಗ್ಲಿಷಲ್ಲಿ ಸರಿಯಾಗಿ ಕೇಳಿದವರಿಗೆ ಮಾತ್ರ ಸಾಮಾನು."

ಬೇಕರಿಯಾಕೆ ಬ್ರೆಡ್ಡು ಇಟ್ಟಳು. ದರ್ಜಿ ಅರ್ಧ ಹೊಲಿದ ಪ್ಯಾಂಟು ಇಟ್ಟ. ಕ್ಷೌರಿಕ ಸೋಪು, ಕತ್ತರಿ ಇಟ್ಟು ಹೋಗಿ ಗೋಡೆಗೆ ಒರಗಿದ. ಅವನು ಬೇಕರಿಯಾಕೆಯ ಅಕ್ಕನ ಗಂಡ. ಶಾಲೆಗೆ ಸೇರಿದಾಗಿನಿಂದ ತುಟಿ ಪಿಟಕ್ಕೆಂದವನಲ್ಲ.

"ನೀರನ್ನ ಎಣಿಸೋಕಾಗುತ್ತಾ?" ಟೀಚರಮ್ಮ ಕೇಳಿದಳು.

"ನೀರನ್ನೆಲ್ಲಿ ಎಣಿಸೋದು? ಲೋಟ ಎಣಿಸ್ತೀವಿ," ಎಂದ ದರ್ಜಿ.

"ಬ್ರೆಡ್ಡೂ ಹಾಗೇ. ಇಡೀದಾದ್ರೆ ಎ ಲೋಫ್ ಆಫ್ ಬ್ರೆಡ್, ಒಂದು ಹೋಳಾದ್ರೆ ಎ ಸ್ಲೈಸ್. ಸೋಪಿಗೆ ಎ ಬಾರ್. ಪ್ಯಾಂಟು, ಕತ್ತರಿ ಒಂದೇ ಇದ್ರೂ ಜೋಡಿ ಲೆಕ್ಕ, ಎ ಪೇರ್."

"ಎರಡು ಕಾಲು ಹೊಲಿದು ಒಂದರ ಕೂಲಿ ತಗೊಳ್ಳೋ ನನ್ನ ಕಷ್ಟ ಇಂಗ್ಲಿಷಿಗಾದ್ರೂ ಗೊತ್ತಾಯ್ತಲ್ಲ!"

ನಗು ಎದ್ದಿತು. ಅದರ ಬೆನ್ನಿಗೇ ವ್ಯಾಪಾರ.

"ಐ ವಾಂಟ್ ಎ ಬ್ರೆಡ್," ಎಂದ ದರ್ಜಿ.

"ಮುಂದೆ ಹೋಗಯ್ಯ!" ಬೇಕರಿಯಾಕೆ ಕೈ ಬೀಸಿದಳು.

"ಐ ವಾಂಟ್ ಎ ಲೋಫ್ ಆಫ್ ಬ್ರೆಡ್! ತಗೋ, ಆಯ್ತಾ? ಹಳೇದು ತಾನೇ, ಅರ್ಧ ರೇಟಿಗೆ ಕೊಡು."

"ಚೌಕಾಸೀನೂ ಇಂಗ್ಲಿಷಲ್ಲೇ ಮಾಡು!"

ಬೆಂಚುಗಳು ಖಾಲಿಯಾದವು. ಮೇಜಿನ ಸುತ್ತ ನೂಕುನುಗ್ಗಲು. ಯಾರೋ ಸೋಪಿಗೆ ಚೌಕಾಸಿ ಮಾಡಿದರು, ಯಾರೋ ಪ್ಯಾಂಟಿಗೆ ಕಿತ್ತಾಡಿದರು. ಟೀಚರಮ್ಮ ಬಾಯಿ ಬಿಟ್ಟವರನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದಳು. ಎಲ್ಲರೂ ಮಾತಾಡಿದರು, ಗೋಡೆಗೆ ಒರಗಿದವನೊಬ್ಬನನ್ನು ಬಿಟ್ಟು. ಮೇಡಂ ಕಣ್ಣೂ ಅವನ ಮೇಲೇ.

"ಅಣ್ಣಾ, ನೀವು?" ಎಂದಳು ಟೀಚರಮ್ಮ.

ಕ್ಷೌರಿಕ ನೆಲ ನೋಡಿದ.

ಬೇಕರಿಯಾಕೆ ತಟಕ್ಕನೆ ಕತ್ತರಿ ಎತ್ತಿಕೊಂಡಳು. "ಭಾವ, ಇದು ನನಗಿರಲಿ. ಹಿಟ್ಟಿನ ಗೋಣಿ ಕೊಯ್ಯೋಕೆ ಹೇಳಿ ಮಾಡಿಸಿದ ಹಾಗಿದೆ!"

ಹೇಳಿದ್ದಷ್ಟೇ ಅಲ್ಲ, ಬ್ರೆಡ್ಡು ತಂದ ಗೋಣಿಯ ಅಂಚಿಗೆ ಕತ್ತರಿ ಬಾಯಿ ತೆರೆದು ಹಿಡಿದಳು. ಕೂದಲ ಕತ್ತರಿಗೆ ಗೋಣಿ ತಗಲಿದರೆ ಹರಿತ ಮುಗಿದಂತೆ.

"ನೋ!" ಕ್ಷೌರಿಕ ಬೆಂಚು ಹಾರಿ ಬಂದ. "ದಟ್ ಈಸ್ ಮೈ ಪೇರ್ ಆಫ್ ಸಿಸರ್ಸ್! ಓನ್ಲಿ ಹೇರ್! ನೋ ಬ್ಯಾಗ್! ಗಿವ್ ಮಿ!"

ಇಡೀ ಕೋಣೆ ಅವನತ್ತ ತಿರುಗಿತು. ಆಮೇಲೆ ಚಪ್ಪಾಳೆ, ಶಿಳ್ಳೆ. ಅವನು ತನ್ನ ಬಾಯನ್ನು ತಾನೇ ಮುಟ್ಟಿ ನೋಡಿಕೊಂಡ.

"ಇಷ್ಟು ಜೋರು ಅಕ್ಕನ ಮುಂದೆ ಇಲ್ವಲ್ಲ ಭಾವ!"

"ನಿಮ್ಮಕ್ಕ ಕತ್ತರಿ ಮುಟ್ಟಲ್ಲ," ಎಂದವನೇ ಸೋಪಿನತ್ತ ತಿರುಗಿದ. "ಎ ಬಾರ್ ಆಫ್ ಸೋಪ್! ಎ ಸ್ಲೈಸ್ ಆಫ್ ಬ್ರೆಡ್! ಕೊಡ್ತೀಯೋ ಇಲ್ವೋ?" ಕಟ್ಟೆ ಒಡೆದಿತ್ತು; ಈಗ ಅವನನ್ನು ತಡೆಯುವವರಿಲ್ಲ.

ಮೇಡಂ ಎದ್ದು ಏನೋ ಹೇಳಿದರು. ಯಾರಿಗೂ ಕೇಳಲಿಲ್ಲ. ಗುಂಪಿನಲ್ಲಿ ದಾರಿ ಮಾಡಿಕೊಂಡು ಬಂದು ಟೀಚರಮ್ಮನ ಕಿವಿಯ ಹತ್ತಿರ ಕೂಗಿದರು: "ನಾಳೆಯಿಂದ ನಿಮ್ಮ ತರಗತಿ ಕೊನೇ ಕೋಣೇಲಿ! ಇಲ್ಲೇ ಇದ್ರೆ ಪಕ್ಕದವರ ಪಾಠ ಹಾಳು!"

"ಏನಂದ್ರಿ ಮೇಡಂ?"

ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಇನ್ನೊಮ್ಮೆ ಕೇಳಬೇಕೆನಿಸಿತ್ತು, ಅಷ್ಟೇ.